ಇಂಜಿನಿಯರ್ ಒಳಗಿದ್ದಾರೆ

ಜೂನ್ 3, ಮಂಗಳವಾರ

ಇವತ್ತು ನಾಲ್ಕು ತೂಕದ ಮಶೀನು ಬಂದವು. ಎರಡು ಮುಗಿದವು. ಬೇಕರಿಯವರ ಮಶೀನಿನ ಹೊಟ್ಟೆಯಲ್ಲಿ ಅಂಗೈ ತುಂಬ ಮೈದಾ, ಮೂರು ಜಿರಲೆ. ಮೇಲೆ ಕಂಪ್ಲೇಂಟ್ ಬೇರೆ — ಮಶೀನ್ ಕಂಪನಿಯೇ ಬೋಗಸ್ ಅಂತ. ಬ್ರಶ್ ಹಾಕಿ, ಬೋರ್ಡು ಒರೆಸಿ, ಐದು ಕಿಲೋ ತೂಕದ ಕಲ್ಲಿಟ್ಟು ನೋಡಿದೆ. ಒಂದು ಗ್ರಾಮೂ ಹೆಚ್ಚುಕಮ್ಮಿ ಇಲ್ಲ.

ಬೇಕರಿಯವನು ಒಯ್ಯಲು ಬಂದಾಗ ಕೌಂಟರಿನಲ್ಲಿ ನನ್ನ ಗಂಡ ರೋಹಿತ. "ಕಾಮ್ ಏಕ್‌ದಮ್ ಪಕ್ಕಾ. ಕೌನ್ ಕರ್ತಾ ಹೈ?" — ಯಾರು ಮಾಡುವುದು ಅಂತ ಬೇಕರಿಯವನು ಕೇಳಿದ. ರೋಹಿತ ಗಂಭೀರವಾಗಿ ಪರದೆಯ ಕಡೆ ಕೈ ತೋರಿಸಿದರು. "ಇಂಜಿನಿಯರ್ ಸಾಬ್ ಅಂದರ್ ಹೈ."

ಇಂಜಿನಿಯರ್ ಸಾಬ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ನಾನು.

ಹನ್ನೊಂದು ವರ್ಷವಾಯಿತು. ಮಾವನವರು ಈರಬಸಪ್ಪ — ಅಂಗಡಿಗೂ ಅವರದೇ ಹೆಸರು — ಕೈ ನಡುಗಲು ಶುರುವಾದಾಗ ಮಗನಿಗೆ ಕಲಿಸಲು ನೋಡಿದರು. ಮಗನಿಗೆ ಮಾತು ಬಂತು, ಕೆಲಸ ಬರಲಿಲ್ಲ. ನನಗೆ ಬಂತು. ಮೊದಲ ತಿಂಗಳೇ ಖಾರ-ಸೇವು ಮಾರುವ ಒಬ್ಬ ಫರಸಾಣದವನು ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿ ಮಶೀನು ಎತ್ತಿಕೊಂಡು ಹೋಗಿಬಿಟ್ಟ. ಮರುದಿನ ಮಾವನವರು ಪರದೆ ಕಟ್ಟಿಸಿದರು. ಅವತ್ತಿನಿಂದ ಈ ಕ್ಯಾಂಪ್ ಪೇಟೆಯ ಅರ್ಧ ಅಂಗಡಿಗಳಿಗೆ ನಾನು ಸಾಬ್.

ಜೂನ್ 5, ಗುರುವಾರ

ಮೇಲ್ ಬಂದಿದೆ! ವಿಮಾನ ನಗರದಲ್ಲಿ ಆಫೀಸು ಇರುವ ಕಿರಾಣಿ ಮಾರ್ಟ್‌ನವರು. ಹದಿನಾರು ಬ್ರಾಂಚು. ಎಲ್ಲ ಮಶೀನುಗಳ ವರ್ಷದ ಮೇಂಟೆನನ್ಸ್ ಒಬ್ಬರಿಗೇ ಕೊಡುತ್ತಾರಂತೆ. 17ಕ್ಕೆ ಮೀಟಿಂಗ್. ಪ್ರತಿಯೊಬ್ಬರಿಗೂ ಒಂದೇ ನಿಮಿಷ — ನೀವು ಯಾರು, ಏನು ಮಾಡುತ್ತೀರಿ, ನಿಮಗೇ ಯಾಕೆ ಕೊಡಬೇಕು. ಆಮೇಲೆ ಪ್ರಶ್ನೆ.

ಇದು ಸಿಗಲೇಬೇಕು. ಈಗೀಗ ಕೆಟ್ಟ ಮಶೀನನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ, ಎಸೆದು ಆನ್‌ಲೈನ್ ತರಿಸುತ್ತಾರೆ. ಹೀಗೇ ಆದರೆ ದೀಪಾವಳಿಯ ಹೊತ್ತಿಗೆ ಅಂಗಡಿ ಬಾಗಿಲು ಹಾಕಬೇಕು.

ಮಾತಾಡುವವರು ಯಾರು ಅಂತ ಮನೆಯಲ್ಲಿ ಯಾರೂ ಕೇಳಲೇ ಇಲ್ಲ. ರೋಹಿತ ಆಗಲೇ ಕೋಟು ಇಸ್ತ್ರಿಗೆ ಕೊಟ್ಟು ಬಂದರು.

ಜೂನ್ 8, ಭಾನುವಾರ

ರೋಹಿತನ ಚಿಕ್ಕಪ್ಪನ ಮಗ ಸ್ವಪ್ನಿಲ್ ಬಂದಿದ್ದ. ಮಾರ್ಕೆಟಿಂಗ್‌ನಲ್ಲಿದ್ದಾನೆ. ನಾಲ್ಕು ರೊಟ್ಟಿ, ಎರಡು ಸಲ ಎಣಗಾಯಿ ಹಾಕಿಸಿಕೊಂಡು ಆ ಒಂದು ನಿಮಿಷದ ಮಾತು, 'ಪಿಚ್' ಅಂದರೇನು ಅಂತ ಪಾಠ ಮಾಡಿದ. ಬರೆದೂ ಕೊಟ್ಟ —

"ಮೂರು ಪೀಳಿಗೆಯ ವಿಶ್ವಾಸ. ನಾವು ಮಶೀನ್ ರಿಪೇರಿ ಮಾಡುವುದಿಲ್ಲ, ಸಂಬಂಧಗಳನ್ನು ಬೆಸೆಯುತ್ತೇವೆ."

ಹಾಗಾದರೆ ಮಶೀನು ಯಾರು ರಿಪೇರಿ ಮಾಡುತ್ತಾರಪ್ಪಾ ಅಂದೆ. ನಕ್ಕ. "ವೈನಿ, ಅದು ಎಮೋಷನಲ್ ಹುಕ್. ನಿಮಗ ತಿಳಿಯೂದಿಲ್ಲ."

"ತಿಳಿಯೂದಿಲ್ಲ ಖರೆ. ನಾನಽ ಹೋಗಿ ನಂಗ ತಿಳದದ್ದ ಹೇಳ್ಲೇನು?"

ಎಲ್ಲರೂ ತಟ್ಟೆ ನೋಡಿದರು. ಸ್ವಪ್ನಿಲ್ ಮೆಲ್ಲಗೆ, "ಹೆಣ್ಣುಮಕ್ಕಳು ಬ್ಯಾಡ ಅಂತಲ್ಲ ವೈನಿ. ಕಾರ್ಪೊರೇಟ್‌ನಾಗ ಒಂದು ಟೆಕ್ನಿಕಲ್ ಫೇಸ್ ಬೇಕಾಗ್ತದ."

ನನ್ನ ಮುಖಕ್ಕೆ ಏನಾಗಿದೆಯೋ! ಪಾತ್ರೆಗಳನ್ನು ಸಿಟ್ಟಿನಿಂದ ತಿಕ್ಕಿದೆ. ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಸೊಟ್ಟಗಾಯಿತು.

ಜೂನ್ 9

ಹೇಗೂ ಟೆಕ್ನಿಕಲ್ ಭಾಗ ನೀನೇ ಬರೆದುಕೊಡು ಅಂದರು ರೋಹಿತ. ಬಾಯಿ ಅವರದು, ಮಾತು ನನ್ನದು!

ಆದರೂ ಬರೆದೆ. ಮೊದಲು ಎರಡು ಪುಟವಾಯಿತು. ಭಾರ ಅಳೆಯುವ ಲೋಡ್ ಸೆಲ್, ತೂಕ ಸರಿಹೊಂದಿಸುವ ಕ್ಯಾಲಿಬ್ರೇಶನ್, ಎಲ್ಲ ತುರುಕಿದ್ದೆ. ನಾನೇ ಓದಿ ಆಕಳಿಸಿದೆ. ಗಿರಾಕಿಗೆ ಲೋಡ್ ಸೆಲ್ ಕಟ್ಟಿಕೊಂಡು ಏನಾಗಬೇಕು? ಅವನ ತಲೆನೋವು ಏನು, ಅದನ್ನು ಹೇಳಬೇಕು. ಹೊಡೆದು ಹಾಕಿ, ಹೊಡೆದು ಹಾಕಿ, ಕೊನೆಗೆ ಉಳಿದದ್ದು —

"ನಿಮ್ಮ ಮಶೀನು ಹತ್ತು ಗ್ರಾಂ ಹೆಚ್ಚು ತೋರಿಸಿದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ಹತ್ತು ಗ್ರಾಂ ಕಡಿಮೆ ತೋರಿಸಿದರೆ ಯಾರೂ ಬರುವುದಿಲ್ಲ, ನಷ್ಟ ನಿಮಗೇ. ಎರಡನ್ನೂ ನಾವು ನಿಮಗಿಂತ ಮೊದಲು ಹಿಡಿಯುತ್ತೇವೆ. ತಿಂಗಳಿಗೊಮ್ಮೆ ಹದಿನಾರೂ ಅಂಗಡಿಗೆ ಬಂದು, ನಿಮ್ಮೆದುರೇ ಕಲ್ಲಿಟ್ಟು ತೋರಿಸುತ್ತೇವೆ."

ಗಡಿಯಾರ ಹಿಡಿದು ಓದಿದೆ. ಇಪ್ಪತ್ತಾರು ಸೆಕೆಂಡು. ಉಳಿದದ್ದರಲ್ಲಿ ಹೆಸರು ಹೇಳಬಹುದು. ಯಾರ ಹೆಸರು ಅಂತ ಬರೆಯದೆ ಜಾಗ ಬಿಟ್ಟೆ.

ಜೂನ್ 11, ಬುಧವಾರ

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಮಾರ್ಟ್‌ನ ಮ್ಯಾನೇಜರ್ ಸಪ್ನಾ ಮೇಡಮ್ ಫೋನ್ ಮಾಡಿದ್ದರು. ಮರಾಠಿಯಲ್ಲಿ. ಮೀಟಿಂಗ್‌ಗೆ ರಿಪೇರಿ ಮಾಡುವವರನ್ನೂ ಕರೆತನ್ನಿ, ಅವರನ್ನೇ ಪ್ರಶ್ನೆ ಕೇಳುತ್ತೇವೆ ಅಂದರು. ನಾನು ಏನು ಹೇಳಿದೆ? "ಹೋ ಮ್ಯಾಡಮ್, ಇಂಜಿನಿಯರ್ ಯೇತೀಲ." ಇಂಜಿನಿಯರ್ ಬರುತ್ತಾರೆ! ಹನ್ನೊಂದು ವರ್ಷ ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ. ನಾನೇ ಮಾಡಿದ ರಿಪೇರಿ ಬಗ್ಗೆ 'ಕೇಳಿ ಹೇಳ್ತೀನಿ ತಡೀರಿ' ಅಂದು, ಎರಡು ನಿಮಿಷ ಸುಮ್ಮನೆ ಕೂತು, 'ಅವರು ಹೀಗೆ ಅಂದ್ರು' ಅಂತ ಹೇಳಿದ್ದೇನೆ. ಎಷ್ಟು ಸಲ!

ಇನ್ನು ಇಂಜಿನಿಯರ್‌ನನ್ನು ಎಲ್ಲಿಂದ ತರುವುದು? ಸ್ವಪ್ನಿಲ್‌ಗೆ ಫೋನ್ ಹೋಯಿತು. ಉಪಾಯ ಬಂತು — ಧರ್ಮಣ್ಣ.

ಧರ್ಮಣ್ಣ ನಮ್ಮ ಮಶೀನು ಸಾಗಿಸುವ ಟೆಂಪೋದವನು. ಯಾದಗಿರಿ ಕಡೆಯವನು. ಬಿಳಿ ಮೀಸೆ, ದಪ್ಪ ಕನ್ನಡಕ. ನೋಡಿದರೆ ಇಂಜಿನಿಯರ್ ಅನ್ನಿಸುತ್ತಾನಂತೆ.

ಜೂನ್ 12

ಧರ್ಮಣ್ಣನಿಗೆ ರೋಹಿತನ ಅಂಗಿ ಹಾಕಿಸಿ ನಡುಮನೆಯಲ್ಲಿ ಕೂರಿಸಿ ರಿಹರ್ಸಲ್. ಪಾಪ, ಬೆವತುಹೋಗಿದ್ದ. ಕ್ಯಾಲಿಬ್ರೇಶನ್ ಅನ್ನು ಅಂದರೆ ನನ್ನ ಮುಖ ನೋಡುತ್ತಾನೆ.

"ಅಕ್ಕಾರ, ಮಶೀನ್ ಎತ್ತೂದು ನಂದು, ಬಿಚ್ಚೂದು ನಿಮ್ದು. ನಾ ಹ್ಯಾಂಗ್ರಿ ಸುಳ್ಳ ಹೇಳ್ಲಿ?"

"ನೀ ಏನೂ ಹೇಳಬ್ಯಾಡ," ಅಂದರು ರೋಹಿತ. "ಸುಮ್ಮ ತಲಿ ಆಡಸು. ನಾ ಮಾತಾಡ್ತೀನಿ."

ಟೆಂಪೋದವನಿಗಿರುವ ನಾಚಿಕೆ ಈ ಮನೆಯಲ್ಲಿ ಯಾರಿಗೂ ಇಲ್ಲವಲ್ಲ! ಎದ್ದು ನಿಂತು ಹಾಗೇ ಅಂದೆ. ಅತ್ತೆ ಶಿವಗಂಗವ್ವ ಬಾಗಿಲಲ್ಲಿ ನಿಂತು, "ಒಂದ್ ದಿನದ ಮಾತು, ಯಾಕ ಇಷ್ಟ ಸಿಟ್ಟಾಗ್ತಿ?" ಅಂದರು. ಒಂದು ದಿನವಂತೆ. ಮಾವನವರ ಕಡೆ ನೋಡಿದೆ. ಕಲಿಸಿದವರು ಅವರು. ಒಂದು ಮಾತಾದರೂ...

"ಪರದೆ ಕಟ್ಟಿಸಿದ್ದು ನಿನ್ನ ಕಾಯಾಕ, ಮಾಧುರಿ," ಅಂದರು.

ಪರದೆ ಕಾಪಾಡಿದ್ದು ನನ್ನನ್ನೋ, ಅಂಗಡಿಯ ಗಿರಾಕಿಯನ್ನೋ?

ಜೂನ್ 13

ಐದು ಮಶೀನು ಬಂದಿವೆ. ಒಂದನ್ನೂ ಮುಟ್ಟಲಿಲ್ಲ. ಪರದೆಯ ಹಿಂದೆ ಕೂತು ಪೇಪರ್ ಓದಿದೆ. ಜಾಹೀರಾತನ್ನೂ ಬಿಡಲಿಲ್ಲ. ಹೊರಗೆ ರೋಹಿತ ಎಲ್ಲರಿಗೂ — "ಇಂಜಿನಿಯರ್ ಸಾಬ್ ಛುಟ್ಟೀ ಪರ್ ಹೈ." ರಜೆಯಲ್ಲಿದ್ದಾರಂತೆ!

ಜೂನ್ 15, ಭಾನುವಾರ

ನಿನ್ನೆ ರೋಹಿತ ತಾವೇ ಒಂದು ಮಶೀನು ಬಿಚ್ಚಿದರು. ಡಿಸ್‌ಪ್ಲೇಯ ವೈರು ಕಿತ್ತು ಬಂತು. ನಾಲ್ಕು ಸ್ಕ್ರೂ ಉಳಿದವು. ನನ್ನನ್ನು ಕರೆಯಲಿಲ್ಲ. ಡಬ್ಬಿ ಮುಚ್ಚಿ ಎದ್ದು ಹೋದರು. ಕೊನೆಗೆ ನಾನೇ ಮಾಡಿದೆ. ಆ ಮಶೀನು ಮೊಸರು ಮಾರುವ ಮುದುಕಿಯದು, ಅವಳ ತಪ್ಪೇನು?

ಇವತ್ತು ಮಾರ್ಟ್‌ಗೆ ಕೊಡಲು ಲೈಸೆನ್ಸಿನ ಫೈಲು ತೆಗೆದೆ. ರಿಪೇರಿ ಲೈಸೆನ್ಸು ಮಾವನವರ ಹೆಸರಲ್ಲಿದೆ, ಸರಿ. ಕಳೆದ ವರ್ಷದ ಫಾರ್ಮಿನಲ್ಲಿ ಒಂದು ಕಾಲಂ — ಕೆಲಸ ಮಾಡುವ ಮೆಕ್ಯಾನಿಕ್ ಹೆಸರು. ಅಲ್ಲಿ 'ರೋಹಿತ'.

ಅಕ್ಷರ ನನ್ನದು.

ಯಾರೂ ಕೈ ಹಿಡಿದು ಬರೆಸಿರಲಿಲ್ಲ. ಅಡುಗೆಯ ಗಡಿಬಿಡಿಯಲ್ಲಿ ಕೂತು, ಏನೂ ಯೋಚಿಸದೆ ಬರೆದಿದ್ದೆ. ಇಷ್ಟು ದಿನ ಎಲ್ಲರ ಮೇಲೆ ಹಾರಾಡಿದವಳು ಈಗ ಯಾರ ಮೇಲೆ ಹಾರಾಡಲಿ? ಫಾರ್ಮು ತಿದ್ದದೆ ಫೈಲನ್ನು ಮಾರ್ಟ್‌ಗೆ ಒಯ್ಯುವ ಬ್ಯಾಗಿಗೆ ಹಾಕಿದೆ.

ಜೂನ್ 17, ಬೆಳಿಗ್ಗೆ 10.40

ವಿಮಾನ ನಗರ. ಎಂಟನೇ ಮಹಡಿ. ರಿಸೆಪ್ಷನ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ರೋಹಿತ ಕೋಟಿನಲ್ಲಿ, ತುಟಿ ಅಲ್ಲಾಡುತ್ತಿದೆ, ಬಾಯಿಪಾಠ. ಧರ್ಮಣ್ಣ ಮೂರನೇ ಸಲ ಬಾತ್‌ರೂಮಿಗೆ ಹೋದ. ನಾನು ತೂಕದ ಕಲ್ಲುಗಳ ಬ್ಯಾಗ್ ಹಿಡಿಯಲು ಬಂದವಳು. ರಿಸೆಪ್ಷನ್ ಹುಡುಗಿ ನನಗೆ ವಿಸಿಟರ್ ಬ್ಯಾಡ್ಜ್ ಕೊಡಲಿಲ್ಲ, ಇಬ್ಬರಿಗೇ ಅಂತೆ. ಕರೆದರು —

ಅದೇ ದಿನ, ಸಂಜೆ

ಎಲ್ಲ ಬರೆದಿಡಬೇಕು. ಮರೆತರೆ ನನ್ನ ಮೇಲೇ ಹಾಕುತ್ತಾರೆ.

ಬ್ಯಾಡ್ಜ್ ಇಲ್ಲದಿದ್ದರೂ ಬ್ಯಾಗ್ ಹಿಡಿದು ನಾನೂ ಒಳಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ರೋಹಿತ ಎದ್ದು ನಿಂತರು. ಸಪ್ನಾ ಮೇಡಮ್ ಫೋನಿನಲ್ಲಿ ಟೈಮರ್ ಹಚ್ಚಿದರು. ಹೆದರಿದ್ದಕ್ಕೋ ಏನೋ, ಸ್ವಪ್ನಿಲ್ ಬರೆದದ್ದೂ ಹೋಯಿತು, ನಾನು ಬರೆದದ್ದೂ ಹೋಯಿತು, ನಮ್ಮ ಮಂದಿ ಮದುವೆ ಮಾತುಕತೆಗೆ ಕೂತಾಗ ಹೇಳುವ ಪರಿಚಯ ಬಾಯಿಗೆ ಬಂತು. ಮೂಲ ಊರು ಗಜೇಂದ್ರಗಡ. ಅಜ್ಜ ಯಾರು, ಯಾರ ಪೈಕಿ, ಯಾರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ತಕ್ಕಡಿ ಹೊತ್ತು ಎಲ್ಲಿಂದ ಎಲ್ಲಿಗೆ ಹೋದರು... ಟೈಮರ್ ಕೂಗಿತು. ಅಜ್ಜ ಇನ್ನೂ ಸೊಲ್ಲಾಪುರ ದಾಟಿರಲಿಲ್ಲ.

ಮೇಡಮ್ ಧರ್ಮಣ್ಣನ ಕಡೆ ತಿರುಗಿದರು. "ನಮ್ಮ ಒಂದು ಬ್ರಾಂಚಿನಲ್ಲಿ ಮಶೀನು ಬೆಳಿಗ್ಗೆ ಖಾಲಿ ಇದ್ದಾಗಲೇ ಇಪ್ಪತ್ತು ಗ್ರಾಂ ತೋರಿಸುತ್ತದೆ. ಮಧ್ಯಾಹ್ನ ತಾನೇ ಸರಿಯಾಗುತ್ತದೆ. ಯಾಕೆ?"

ಧರ್ಮಣ್ಣ ತಲೆ ಆಡಿಸಿದ. ಮತ್ತೆ ಕೇಳಿದರು. ಮತ್ತೆ ಆಡಿಸಿದ. ಆಮೇಲೆ ನನ್ನ ಕಡೆ ನೋಡಿದ. ಆ ಮುಖ ನೋಡಲಾಗಲಿಲ್ಲ.

ಎದ್ದೆ. "ಮಶೀನು ಫ್ರೀಜರ್ ಪಕ್ಕ ಇದೆಯಾ ಮೇಡಮ್?" ಇದೆ ಅಂದರು. "ರಾತ್ರಿ ಥಂಡಿಗೆ ತೇವ ಹಿಡಿಯುತ್ತದೆ. ಎರಡು ಹೆಜ್ಜೆ ದೂರ ಇಡಿ. ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ಜೀರೋ ಮಾಡಿ. ರಿಪೇರಿ ಬೇಕಾಗಿಲ್ಲ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಹತ್ತು ಗ್ರಾಂ ಹೆಚ್ಚು, ಹತ್ತು ಗ್ರಾಂ ಕಡಿಮೆ, ಹದಿನಾರು ಅಂಗಡಿ — ಪೂರ್ತಿ ಹೇಳಿದೆ. ಮರಾಠಿಯಲ್ಲಿ. ಒಂದು ಕಡೆಯೂ ತಡವರಿಸಲಿಲ್ಲ.

"ತುಮ್ಹೀ ಕೋಣ?" ನೀವು ಯಾರು ಅಂತ ಮೇಡಮ್.

"ಮೀಚ ಮೆಕ್ಯಾನಿಕ್." ನಾನೇ ಮೆಕ್ಯಾನಿಕ್.

ಚಪ್ಪಾಳೆ ಹೊಡೆಯುತ್ತಾರೆ ಅಂದುಕೊಂಡಿದ್ದೆನೇನೋ, ಹುಚ್ಚಿ. ಮೇಡಮ್ ಫೈಲು ತೆರೆದರು. "ಫಾರ್ಮಿನಲ್ಲಿ ಮೆಕ್ಯಾನಿಕ್ ಇವರು. ಕುರ್ಚಿಯಲ್ಲಿ ಮೆಕ್ಯಾನಿಕ್ ಅವರು. ಈಗ ನೀವು. ಒಬ್ಬ ಮನುಷ್ಯ ಯಾರು ಅಂತ ಸರಿಯಾಗಿ ಹೇಳದವರು ತೂಕ ಸರಿಯಾಗಿ ಹೇಳುತ್ತೀರಿ ಅಂತ ನಾನು ಹೇಗೆ ನಂಬಲಿ?"

ಅವರು ಹೇಳಿದ್ದು ಖರೆ.

ಹೊರಡುವಾಗ ಒಂದು ಮಾತು ಅಂದರು. ಶುಕ್ರವಾರ ಸಂಜೆಯೊಳಗೆ ಮಾಲೀಕರ ಸಹಿಯ ಪತ್ರ ಬೇಕು, ಕೆಲಸ ಯಾರು ಮಾಡುತ್ತಾರೋ ಅವರ ಹೆಸರೊಂದಿಗೆ. ಲೈಸೆನ್ಸಿನಲ್ಲೂ ತಿದ್ದಿಸಬೇಕು. ಆಮೇಲೆ ನೋಡೋಣ.

ಜೂನ್ 18

ಎಲ್ಲ ನನ್ನಿಂದ ಹಾಳಾಯಿತಂತೆ. ಸ್ವಪ್ನಿಲ್ ಫೋನ್ — "ವೈನಿ, ಬ್ರ್ಯಾಂಡ್ ಹಾಳ ಮಾಡಿದ್ರಿ." ಅತ್ತೆ ನನ್ನ ತಟ್ಟೆಗೆ ಬಡಿಸಿ ಅಡುಗೆಮನೆಗೆ ಹೋಗಿ ಕೂತರು. ಧರ್ಮಣ್ಣ ಮಾತ್ರ ಅಂಗಿ ಒಗೆದು ಮಡಚಿ ತಂದುಕೊಟ್ಟ. "ಚಲೋ ಮಾತಾಡಿದ್ರಿ ಅಕ್ಕಾರ," ಅಂದ.

ಜೂನ್ 20, ಶುಕ್ರವಾರ, 4 ಗಂಟೆ

ಪತ್ರ ಬರೆದೆ. ನಾಲ್ಕೇ ಸಾಲು. ಮಾವನವರ ಮುಂದೆ ಇಟ್ಟೆ.

ಎರಡು ಸಲ ಓದಿದರು. "'ನನ್ನ ಮಾರ್ಗದರ್ಶನದಾಗ' ಅಂತ ಒಂದ್ ಮಾತು ಸೇರ್ಸು."

ಮೈ ಉರಿಯಿತು. "ಮಾವಾರ, ಕಲಿಸಿದವರು ನೀವು. ಅದನ್ನ ಬೇಕಾದ್ರ ದೊಡ್ಡ ಅಕ್ಷರದಾಗ ಬರೀತೀನಿ. ಆದ್ರ ಈ ಹನ್ನೊಂದು ವರ್ಷ ನೀವು ಒಂದ್ ಸ್ಕ್ರೂ ಹಿಡದೀರೇನು?"

ಎಂದೂ ಹಾಗೆ ಮಾತಾಡಿದವಳಲ್ಲ. ಅತ್ತೆ ಒಳಗಿನಿಂದ ಬಂದು ನಿಂತರು. ಮಾವನವರು ತಮ್ಮ ಕೈ ನೋಡಿಕೊಂಡರು, ನಡುಗುತ್ತಿತ್ತು. ನನಗೇ ಕೆಟ್ಟದೆನಿಸಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

"ಕಲಿಸಿದ್ದಽ ಬರಿ," ಅಂದರು ಕೊನೆಗೆ. "ಉಳಿದದ್ದ ಬ್ಯಾಡ." ಬರೆದೆ. ಸಹಿ ಮಾಡಿದರು. ಕೈ ಜಾರಿ ಅಕ್ಷರ ಗೆರೆಯ ಕೆಳಗೆ ಹೋಯಿತು. ಎಡಗೈಯಿಂದ ಮಣಿಕಟ್ಟು ಒತ್ತಿ ಹಿಡಿದು ಪೂರ್ತಿ ಮಾಡಿದರು.

ಸ್ಕ್ಯಾನ್ ಮಾಡಬೇಕು, ಆರಕ್ಕೆ ಮುಂಚೆ ಮೇಲ್ ಹೋಗಬೇಕು. ರೋಹಿತ ಪತ್ರ ಕೈಗೆತ್ತಿಕೊಂಡರು. ಮೂರು ದಿನದ ಮೇಲೆ ಮೊದಲ ಮಾತು.

"ಇದರಾಗ ಅಪ್ಪ ಮಾಲೀಕ. ನೀ ಮೆಕ್ಯಾನಿಕ್. ಮತ್ತ ನಾ ಯಾರು?"

ಜಗಳದ ದನಿಯಲ್ಲ. ನಿಜವಾಗಿ ಕೇಳುತ್ತಿದ್ದರು. ನನಗೆ ಪಾಪ ಅನ್ನಿಸುವುದಕ್ಕೆ ಮೊದಲು ಸಿಟ್ಟೇ ಬಂತು — ಈ ಪ್ರಶ್ನೆ ನನ್ನ ಬಗ್ಗೆ ಒಂದು ದಿನವಾದರೂ ಈ ಮನೆಯಲ್ಲಿ ಯಾರಾದರೂ ಕೇಳಿದ್ದರೇ? ಇಲ್ಲ. ಆದರೆ ನಾನು ಅವರಂತೆ ಮಾಡುವುದಿಲ್ಲ. ಇನ್ನೊಂದು ಸಾಲು ಸೇರಿಸುತ್ತೇನೆ. ಖರೆ ಇದ್ದದ್ದನ್ನೇ ಬರೆಯುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎದುರಿಗೇ ಕೂತಿದ್ದಾರೆ, ಪೆನ್ನು ನೋಡುತ್ತಾ. ಮೊದಲು ಇಲ್ಲೇ ಬರೆದು ನೋಡುತ್ತೇನೆ —

"ರೋಹಿತ ಅವರು ನಮ್ಮ ಅಂಗಡಿಯ ಕೌಂಟರ್ ನೋಡಿಕೊಳ್ಳುತ್ತಾರೆ, ಗಿರಾಕಿಗಳ ಜೊತೆ ಮಾತಾಡುತ್ತಾರೆ."