ಕಾಯುವ ಅಧ್ಯಾಯಕ್ಕೆ ಒಂದು ಸಾಲು

ಒಳಗಣಿ, ಕೆಳಗಿನ ಬೀದಿ
ತಂಪುಗಾಲದ ನಲವತ್ತೊಂದನೆಯ ತಿಂಗಳು

ತಾಯಿ ಇಂಪನಾಳಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಮುನಿರತ್ನಮ್ಮ ಮಾಡುವ ನಮಸ್ಕಾರ ಮತ್ತು ಆಶೀರ್ವಾದ.

ಮೇಲಿನ ತಾರೀಖು ನೋಡಿ ನಗಬೇಡ. ಸೂರ್ಯನನ್ನು ನೆಚ್ಚಿ ತಿಂಗಳು ಎಣಿಸುವುದನ್ನು ನಮ್ಮವರು ಬಿಟ್ಟು ಬಹಳ ಕಾಲವಾಯಿತು; ಗಾಳಿಕೊಳವೆಯಲ್ಲಿ ಕಳೆದ ಸಲ ತಂಪು ಇಳಿದ ದಿನದಿಂದ ನಮ್ಮ ಲೆಕ್ಕ. ಮಾತುಗಳೂ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಸೈರಿಸಿಕೋ. ನಾನು ಶಾಲೆ ಕಂಡವಳಲ್ಲ. ಸವೆದ ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರ ಕೂಡಿಸಿಕೊಂಡವಳು. ವರಸೆಯಲ್ಲಿ ನೀನು ಹಿರಿಯಳು, ಪುಸ್ತಕ ಬರೆಯುತ್ತಾ ಕೂತಿರುವ ನಿನಗಿಂತ ವಯಸ್ಸಿನಲ್ಲಿ ನಾನು. ಅದಕ್ಕೇ ನಮಸ್ಕಾರ, ಆಶೀರ್ವಾದ ಎರಡೂ. ಏಕವಚನಕ್ಕೆ ಬೇಸರಿಸಬೇಡ.

ನಿಮ್ಮ ಕಾಲದಲ್ಲಿ ಮುಚ್ಚಿ ಬಿಟ್ಟಿದ್ದ ಚಿನ್ನದ ಗಣಿಯೊಳಗೆ ನಾವಿದ್ದೇವೆ. ಮೇಲಿನ ಬಿಸಿಲಿನಲ್ಲಿ ಬದುಕು ಸಾಗದು. ಹೊತ್ತು ಇಳಿದ ಮೇಲೆ ಹತ್ತಿಹೋಗಿ ರಾಗಿ ಹೊಲ ನೋಡಿಕೊಂಡು ಬರುತ್ತೇವೆ. ಒಂದು ಮನೆಯಲ್ಲಿ ಸೊಪ್ಪಿನ ಸಾರು ಕುದಿಸಿದರೆ ಬೀದಿಗೆಲ್ಲ ಹಸಿವಾಗುತ್ತದೆ. ಒಬ್ಬರು ಕೆಮ್ಮಿದರೆ ಹತ್ತು ಮನೆಯಿಂದ ಕಷಾಯ ಬರುತ್ತದೆ. ಗೋಡೆ ಸದಾ ಬೆವರುತ್ತದೆ. ಕಾಗದ ಬೂಸ್ಟು ಹಿಡಿಯಿತು, ನಿಮ್ಮ ಯಂತ್ರಗಳು ಮೂಕವಾದವು, ಉಳಿದದ್ದು ಕಲ್ಲು. ಪುಸ್ತಕಗಳನ್ನೆಲ್ಲ ಹಲಗೆಗಲ್ಲಿನ ಮೇಲೆ ಕೊರೆದಿಟ್ಟಿದ್ದೇವೆ. ನೀರು ಜಿನುಗಿ ಅದೂ ಸವೆಯುತ್ತದೆ. ಆದ್ದರಿಂದ ಪ್ರತಿ ತಲೆಮಾರಿನಲ್ಲೂ ಪ್ರತಿ ಪುಸ್ತಕವನ್ನು ಮತ್ತೆ ಕೊರೆಯಬೇಕು. ಇದಕ್ಕೆ ಮರುಕೊರೆತ ಎನ್ನುತ್ತೇವೆ. ಕಲ್ಲಿಗೆ ಬರವಿಲ್ಲ, ಕೊರೆಯುವ ಕೈಗಳಿಗೆ ಬರ.

ಏನನ್ನು ಕೊರೆಯಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು ಬೇರುಮನೆ. ಅಲ್ಲಿನ ವಿದ್ವಾಂಸರು ಪುಸ್ತಕವೊಂದರ ಯಾವ ಭಾಗದ ಬೇರು ಯಾವ ಹಳೆಯ ಕೃತಿಯಲ್ಲಿದೆ ಎಂದು ಹುಡುಕುತ್ತಾರೆ. ಬೇರು ಸಿಕ್ಕಿದ ಭಾಗವನ್ನು ಮತ್ತೆ ಕೊರೆಯುವುದಿಲ್ಲ. ‘ಅಲ್ಲಿ ನೋಡಿ’ ಎಂದು ಗುರುತು ಹಾಕಿ ಬಿಡುತ್ತಾರೆ. ಲೆಕ್ಕದ, ವೈದ್ಯದ ಪುಸ್ತಕಗಳಿಗೆ ಇದು ಒಳ್ಳೆಯ ಕಟ್ಟಳೆಯೇ. ಆದರೆ ನೀನು ಬರೆಯುತ್ತಿರುವಂಥ ದೊಡ್ಡ ಮಾಯಾಕಥೆಗೆ ಇದನ್ನು ಹಚ್ಚಿದರೆ ಏನಾಗುತ್ತದೆ ಹೇಳು? ಅಂಥ ಕಥೆ ಹುಟ್ಟುವುದೇ ನೂರು ಕಥೆಗಳ ಹಾಲು ಕುಡಿದು. ಒಮ್ಮೆ ನಾನು ‘ಅಲ್ಲಿ ನೋಡಿ’ ಎಂದಿದ್ದ ಹಲಗೆಯನ್ನು ಹುಡುಕಿಕೊಂಡು ಹೋದೆ. ಅಲ್ಲೂ ‘ಅಲ್ಲಿ ನೋಡಿ’ ಎಂದಿತ್ತು. ಮಂಡಿ ನೋವು, ವಾಪಸು ಬಂದೆ.

ಈ ಸಲ ನಿನ್ನ ‘ಬೂದಿನಾಡಿನ ಕಥೆ’ಯ ಸರದಿ. ಬೇರು ಹುಡುಕಿದವಳು ಪರಕೀಯಳಲ್ಲ, ನನ್ನ ತಮ್ಮನ ಮಗಳು ಅಂಬುಜ. ನನ್ನ ತೊಡೆಯ ಮೇಲೆ ಮಲಗಿ ಇದೇ ಕಥೆ ಕೇಳುತ್ತಾ ಬೆಳೆದವಳು. ಅವಳಷ್ಟು ಓದಿದವರು ಬೇರುಮನೆಯಲ್ಲಿ ಇನ್ನೊಬ್ಬರಿಲ್ಲ. ತೊಂದರೆ ಬಂದದ್ದೇ ಅದರಿಂದ.

ಮೊನ್ನೆ ಎಲ್ಲರೆದುರು ಬೇರುಗಳ ಪಟ್ಟಿ ಓದಿದಳು. ರಾಜ್ಯ ಕಳೆದುಕೊಂಡು ಕಾಡಿಗೆ ಹೋದ ರಾಣಿ ಮೇಘಾವಳಿಗೆ ಬೇರು ಸಿಕ್ಕಿದೆ. ಅವಳ ನೆರಳನ್ನು ಕದ್ದ ಮಾಂತ್ರಿಕ ಕಡಲಾಚೆಯ ಕಥೆಯವನು. ಮಾತಾಡುವ ಹಕ್ಕಿ ಅಜ್ಜಿಕಥೆಯದು. ಬೆಟ್ಟಗಳ ನಕಾಶೆ, ಕೊನೆಯ ಯುದ್ಧ, ಎಲ್ಲಕ್ಕೂ ಒಂದೊಂದು ‘ಅಲ್ಲಿ ನೋಡಿ’. ಪಕ್ಕದ ಮನೆಯ ಗಂಗುಲಮ್ಮನಿಗೆ ತಡೆಯಲಾಗಲಿಲ್ಲ.

“ಲೇ ಅಂಬುಜ, ನಿನ್ ಮೂಗು ನಿಮ್ಮಪ್ಪಂದೇ ಅಲ್ವೇನೇ? ಅದ್ನೂ ಕೆರೆದಾಕ್ಬಿಟ್ಟು ‘ಅಲ್ಲಿ ನೋಡಿ’ ಅಂತ ಬರ್ಕೋ!”

ಎಲ್ಲರೂ ನಕ್ಕರು, ಅಂಬುಜಳೂ ನಕ್ಕಳು. ಆಮೇಲೆ ಹೇಳಿದಳು: “ಮೂಗನ್ನ ಯಾರೂ ಮತ್ತೆ ಕೊರೀಬೇಕಾಗಿಲ್ಲ ಚಿಕ್ಕಮ್ಮ. ಉಳಿ ಹಿಡಿಯೋರು ಎಷ್ಟು ಜನ ಉಳಿದವ್ರೆ? ಬಾಣಂತನದ ಹಲಗೆ ಸವೆದು ಕೂತೈತೆ. ಮೊದಲು ಅದನ್ನ ಕೊರೀಲಾ, ಯುದ್ಧ ಕೊರೀಲಾ? ನೀನೇ ಹೇಳು.”

ಗಂಗುಲಮ್ಮನ ಸೊಸೆಗೆ ದಿನ ತುಂಬಿದೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ ತಾಯಿ. ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಬೇರು ಸಿಗದೆ ಉಳಿದದ್ದು ಒಂದೇ ಅಧ್ಯಾಯ. ಹೊಳೆಯ ದಡದಲ್ಲಿ, ಹುಣಸೆಮರದ ಕೆಳಗೆ, ರಾಣಿಯ ಜೊತೆಗಾರರು ಸುಮ್ಮನೆ ಕಾಯುತ್ತಾರಲ್ಲ, ಅದು. ನೆರಳನ್ನು ಬಿಡಿಸಿಕೊಂಡು ತರಲು ರಾಣಿ ಒಬ್ಬಳೇ ಕೋಟೆಗೆ ಹೋಗಿದ್ದಾಳೆ. ಇವರು ಸಾರಿಗೆ ಇಂಗು ಹಾಕಬೇಕೋ ಬೇಡವೋ ಎಂದು ಜಗಳವಾಡುತ್ತಾರೆ. ಇಂಗಿನ ಜಗಳ ಯಾವ ಹಳೆಯ ಮಹಾಕಥೆಯಲ್ಲೂ ಅಂಬುಜಳಿಗೆ ಸಿಗಲಿಲ್ಲ. ಅದು ನಿನ್ನ ಸ್ವಂತದ್ದು, ಆದ್ದರಿಂದ ಅದನ್ನು ಕೊರೆಯುತ್ತಾರೆ. ಉಳಿದದ್ದು ಗೋಡೆಯ ನೀರಿಗೆ.

ನಾನು ಎದ್ದು ಕೇಳಿದೆ: “ಅವ್ರು ಯಾರಿಗೋಸ್ಕರ ಕಾಯ್ತವ್ರೆ ಅಂತ ಮಕ್ಳು ಕೇಳಿದ್ರೆ ಏನಮ್ಮ ಹೇಳ್ತೀಯ?”

“ನನಗೆ ಗೊತ್ತಲ್ಲ ಅತ್ತೆ, ಹೇಳ್ತೀನಿ.”

“ನೀನೂ ಹೋದ್ಮೇಲೆ?”

ಅಂಬುಜ ಸುತ್ತಿಗೆ ಹಿಡಿದು ದಡ್ಡುಗಟ್ಟಿದ ಕೈಯನ್ನು ನೋಡಿಕೊಂಡಳು. ಹಗಲೆಲ್ಲ ಹುಡುಕುತ್ತಾಳೆ, ಸಂಜೆ ತಾನೇ ಕೊರೆಯುತ್ತಾಳೆ. ಅವಳಿಗೂ ಸಾಕಾಗಿದೆ, ನನಗೂ.

ಹಳೆಯ ಕಥೆಗಳ ರಾಣಿಯರು ಕಾಡಿಗೆ ಅಳುತ್ತಾ ಹೋದರು. ಮೇಘಾವಳಿ ಹೊರಡುವ ಮುಂಚೆ ಲಾಯಕ್ಕೆ ಹೋಗಿ ಮುದಿ ಆನೆಗೆ ಬೆಲ್ಲ ತಿನ್ನಿಸಿದಳು. ಬೇರು ಒಂದೇ ಇರಬಹುದು, ಬಿಟ್ಟ ಕಾಯಿ ಬೇರೆ. ಇದನ್ನು ನಾನು ಅಂಬುಜಳಿಗೆ ಹೇಳಿದ್ದೇನೆ, ಅವಳೂ ಒಪ್ಪುತ್ತಾಳೆ. ಒಪ್ಪಿದರೆ ಉಳಿ ಹಿಡಿಯುವ ಕೈ ಹೆಚ್ಚುವುದಿಲ್ಲವಲ್ಲ.

ನಿನ್ನ ಪುಸ್ತಕ ಇಡಿಯಾಗಿ ಉಳಿಯಲಿ ಎಂದು ಕೇಳಲು ನನ್ನಲ್ಲಿ ಈಗ ಶಕ್ತಿಯಿಲ್ಲ. ಕಟ್ಟಳೆ ಬದಲಿಸಲು ಓಡಾಡುವ ಕಾಲೂ ಇಲ್ಲ. ಹಿರಿಯರಿಗೆ ಬರೆದದ್ದನ್ನು ಪಾಳುಬಿದ್ದ ಆಳದ ಬಾವಿಗೆ ಬಿಟ್ಟರೆ ಅವರ ಕಾಲಕ್ಕೆ ಹೋಗಿ ಸೇರುತ್ತದೆ ಎಂದು ನಮ್ಮವರ ನಂಬಿಕೆ. ಸೇರಿದರೆ ಒಂದೇ ಒಂದು ಕೆಲಸ ಮಾಡು. ಇದೆಲ್ಲ ಇನ್ನೊಬ್ಬರದರಂತಿದೆ ಎಂದು ಯಾರಾದರೂ ಅಂದರೆ ಹೆದರಿ ಏನನ್ನೂ ಹೊಡೆದುಹಾಕಬೇಡ; ಬರೆ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆ. ಆದರೆ ಆ ಕಾಯುವ ಅಧ್ಯಾಯದಲ್ಲಿ ನೀನು ರಾಣಿಯ ಹೆಸರನ್ನೇ ಎತ್ತಿಲ್ಲ. ಅಲ್ಲಿಯವರೆಗೆ ಓದಿ ಬಂದವರಿಗೆ ಗೊತ್ತೇ ಇರುತ್ತದೆ ಅಂದುಕೊಂಡೆಯೇನೋ. ಸಾರು ಕುದಿಯುವಾಗ, ಜಗಳದ ನಡುವೆ, ಯಾರ ಬಾಯಲ್ಲಾದರೂ ಒಂದು ಮಾತು ಆಡಿಸು: “ಮೇಘಾವಳಿ ಬರಲಿ ಇರಿ, ಅವಳೇ ಹೇಳುತ್ತಾಳೆ.”

ಅಷ್ಟು ಸಾಕು. ಕೊರೆದ ಹಲಗೆಯ ಮುಂದೆ ಕೂತ ಮಕ್ಕಳಲ್ಲಿ ಒಬ್ಬರಾದರೂ ಮೇಘಾವಳಿ ಎಂದರೆ ಯಾರು ಎಂದು ಕೇಳುತ್ತಾರೆ. ಹೇಳಲು ನಾನು ಇನ್ನೂ ಸ್ವಲ್ಪ ದಿನ ಇರುತ್ತೇನೆ.