ಒಂದು ಕಣ್ಣಿಗೆ ಒಂದೇ ಗೋಡೆ

ಬಣ್ಣದ ಅಂಗಡಿಯ ಮೇಲಿನ ಮನೆ
ನವೆಂಬರ್ 15, ಶುಕ್ರವಾರ

ಪ್ರೀತಿಯ ತಮ್ಮ ಬ್ರಶ್ಶು,

ಅಪ್ಪನ ಕಣ್ಣಿನ ಆಪರೇಷನ್ ಆಗಿದೆ. ಇದನ್ನು ನಿನಗೆ ಹೇಳದೆಯೇ ಇದ್ದುಬಿಡುವವಳಿದ್ದೆ. “ಅವನಿಗೆ ತಿಳಿಸಬೇಡ, ಒಳಗೊಳಗೇ ನಗ್ತಾನೆ” ಎಂದಿದ್ದರು ಅಪ್ಪ. ನಾನೂ ಆಯಿತು ಎಂದಿದ್ದೆ. ಆದರೆ ಆಗಿರುವುದು ಬಲಗಣ್ಣಿಗೆ ಮಾತ್ರ. ಎಡಗಣ್ಣಿಗೆ ಮಾಡಿಸಿಕೊಳ್ಳಲು ಅವರು ಒಪ್ಪುತ್ತಿಲ್ಲ, ಒಪ್ಪದಿರುವುದಕ್ಕೆ ಕಾರಣ ನೀನು. ಹಾಗಾಗಿ ಕೊಟ್ಟ ಮಾತು ಮೀರಿ ಬರೆಯುತ್ತಿದ್ದೇನೆ. ಸರಿಯೋ ತಪ್ಪೋ ನನಗಿನ್ನೂ ತಿಳಿದಿಲ್ಲ.

ಮೊದಲು ನಿನ್ನ ಆರೋಗ್ಯ ಹೇಳು. ಕೆಮ್ಮು ಕಡಿಮೆಯಾಯಿತೇ? ಕಾರುಗಳಿಗೆ ಬಣ್ಣ ಹೊಡೆಯುವ ಆ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತೀರಂತೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಆ ದೊಡ್ಡ ಕನ್ನಡಕ, ಎರಡನ್ನೂ ತಪ್ಪಿಸಬೇಡ. ಥಿನ್ನರ್ ಮೆತ್ತಿದ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುವ ಹಳೆಯ ಚಾಳಿ ಬಿಟ್ಟಿದ್ದೀ ಎಂದುಕೊಂಡಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಪ್ಪನ ಮಾತು ಬಂದ ತಕ್ಷಣ “ಸಿಗ್ನಲ್ ಹೋಗ್ತಿದೆ ಅಕ್ಕ” ಅನ್ನುತ್ತೀಯಲ್ಲ, ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ.

ನೀನು ಮನೆ ಬಿಟ್ಟದ್ದು ಹಲ್ಲಿನ ಡಾಕ್ಟರ ಗೋಡೆಯ ದೆಸೆಯಿಂದ. ನಿನಗೆ ಗೊತ್ತಿರುವ ಕಥೆಯೇ, ಆದರೂ ನಾನು ಕಂಡಂತೆ ಒಮ್ಮೆ ಬರೆಯಲು ಬಿಡು. ಅಂದು ಮಗಳ ಹಲ್ಲು ತೋರಿಸಲು ನಾನೂ ಅಲ್ಲಿದ್ದೆ. ಅವರು ರೋಗಿಗಳು ಕಾಯುವ ಕೋಣೆಯನ್ನು ದೊಡ್ಡದು ಮಾಡಿಸಿದ್ದರು. ಹಳೆಯ ಗೋಡೆಗೆ ಸೇರಿಸಿ ಕಟ್ಟಿದ ಹೊಸ ತುಂಡಿಗೂ ಅದೇ ಕೆನೆಬಣ್ಣ ಬೇಕಿತ್ತು. ಅಪ್ಪ ಎಂದಿನಂತೆ ಕಣ್ಣಳತೆಯಲ್ಲೇ ಬೆರೆಸಿದರು. ಹೆಬ್ಬೆರಳಿನ ಉಗುರಿಗೆ ಒಂದು ಚುಕ್ಕೆ ಇಟ್ಟು, ಊದಿ, ಬಾಗಿಲ ಬೆಳಕಿಗೆ ಹಿಡಿದು “ಇದೇ” ಎಂದರು. ಒಣಗಿದ ಮೇಲೆ ನೀನು “ಹೊಸದು ನೀಲಿ ಹೊಡೀತಿದೆ ಅಪ್ಪ” ಎಂದೆ. ಅವರು “ಎರಡೂ ಒಂದೇ” ಎಂದರು. ನೀನು ಕೆಲಸದವರ ಮುಂದೆಯೇ “ನಿಮಗೆ ಕಣ್ಣು ಕಾಣಲ್ಲ, ಒಪ್ಕೊಂಡ್ಬಿಡಿ” ಎಂದೆ. “ಈ ಕಣ್ಣೇ ಕಣೋ ನಿನ್ನ ಸಾಕಿದ್ದು. ಕಾಣಿಸದವನ ಅಂಗಡೀಲಿ ನಿನಗೇನು ಕೆಲಸ? ನಡಿ” ಎಂದರು ಅವರು. ಪಾಪ, ಡಾಕ್ಟರು “ಇರಲಿ ಬಿಡಿ, ನನ್ನ ಪೇಶೆಂಟ್‌ಗಳು ಗೋಡೆ ನೋಡೋ ಸ್ಥಿತಿಯಲ್ಲಿ ಇರಲ್ಲ” ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ.

ನೀನು ಹೋದ ಮೇಲೆ ಅಪ್ಪನಿಗೆ ಎಲ್ಲದರ ಮೇಲೂ ಅನುಮಾನ ಶುರುವಾಯಿತು. ಬಲ್ಬಿನ ಬೆಳಕು ಸರಿಯಿಲ್ಲವೆಂದು ಅಂಗಡಿಯ ದೀಪಗಳನ್ನೆಲ್ಲ ಬದಲಿಸಿದರು. ಕಂಪನಿಯವರು ಬಿಳಿಗೆ ಏನೋ ಕಲಬೆರಕೆ ಮಾಡುತ್ತಿದ್ದಾರೆಂದು ಡಬ್ಬಿ ವಾಪಸು ಕಳಿಸಿದರು. ಸಂಜೆ ಎದುರಿನಿಂದ ಗಾಡಿ ಬಂದರೆ ಅದರ ದೀಪ ಹೂವಿನ ಹಾಗೆ ಅರಳಿ ಕಣ್ಣು ಕುಕ್ಕುತ್ತದೆ ಎನ್ನುತ್ತಿದ್ದರು. ಮಂಜಾದಾಗಲೆಲ್ಲ ಫುಟ್‌ಪಾತಿನಲ್ಲಿ ಮಾರುವ ಕನ್ನಡಕ ಒಂದೊಂದು ತರುತ್ತಿದ್ದರು. ಕೊನೆಗೆ ಅವರ ಸಕ್ಕರೆ ಕಾಯಿಲೆ ನೋಡುವ ಡಾಕ್ಟರು, ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕೆಂದು ಗದರಿದ ಮೇಲೆ ನಾನು ಶಾಲೆಗೆ ರಜೆ ಹಾಕಿ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರಮ್ಮ ಪಾಪೆ ದೊಡ್ಡದಾಗಲು ಹನಿ ಹಾಕಿ, ಒಳಗೆ ಬೆಳಕು ಬಿಟ್ಟು ನೋಡಿದರು. ಎರಡು ಕಣ್ಣಿಗೂ ಪೊರೆ. “ಒಳಗಿರೋ ಮಸೂರ ಹಳದಿ ತಿರುಗಿದೆ ಯಜಮಾನ್ರೇ. ನಿಮಗೆ ನೀಲಿ ಛಾಯೆ ಸರಿಯಾಗಿ ಗೊತ್ತಾಗ್ತಿರಲಿಲ್ಲ” ಎಂದರು. ಅಪ್ಪ “ವಾರ್ನಿಷ್ ಹಳೇದಾದ್ರೆ ಹಳದಿ ಆಗುತ್ತಲ್ಲ, ಹಾಗಾ? ಕೆರೆದು ತೆಗೀತೀರಾ?” ಎಂದರು. ಕೆರೆಯುವುದಲ್ಲ, ಆ ಮಸೂರವನ್ನೇ ತೆಗೆದು ಅದರ ಜಾಗದಲ್ಲಿ ಹೊಸದನ್ನು ಇಡುವುದು ಎಂದು ಅವರು ವಿವರಿಸಿದರು. ಮನೆಗೆ ಬರುವ ದಾರಿಯಲ್ಲಿ ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಕರಪತ್ರವನ್ನು ನಾನು ಗಡಗಡ ಓದಿದೆ. “ಅಂದ್ರೆ ಏನಮ್ಮಾ?” ಎಂದು ಅಪ್ಪ ಕೇಳಿದಾಗ ತಡವರಿಸಿದೆ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಅಪ್ಪನ ಕಣ್ಣೊಳಗೆ ಏನಾಗುತ್ತದೆಂದು ಅಪ್ಪನ ಭಾಷೆಯಲ್ಲಿ ಹೇಳಲು ಬರಲಿಲ್ಲ.

ನಾವು ಹೆದರಿದಷ್ಟು ಏನೂ ಇರಲಿಲ್ಲ. ಕಣ್ಣು ಹೊರಗೆ ತೆಗೆದಿಡುತ್ತಾರೆಂದು ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಹೆದರಿಸಿದ್ದರು. ಹಾಗೆಲ್ಲ ಇಲ್ಲ. ಮುಂಚಿತವಾಗಿ ಕಣ್ಣಿನ ಅಳತೆ ತೆಗೆದು ಯಾವ ನಂಬರಿನ ಲೆನ್ಸ್ ಎಂದು ಗೊತ್ತುಮಾಡಿದರು, ಸಕ್ಕರೆ, ಬಿಪಿ ನೋಡಿದರು. ಮರಗಟ್ಟಲು ಹನಿ ಹಾಕಿದರಷ್ಟೇ, ಅಪ್ಪನಿಗೆ ಎಚ್ಚರವಿತ್ತು. ನೋವಿರಲಿಲ್ಲವಂತೆ, ಯಾರೋ ಮೆಲ್ಲಗೆ ಒತ್ತಿದಂತೆ, ನೀರೊಳಗಿನಿಂದ ದೀಪ ನೋಡಿದಂತೆ. ನಾನು ಹೊರಗೆ ಕೂತು ಒಂದು ಚಹಾ ಮುಗಿಸುವುದರೊಳಗೆ ಕಣ್ಣಿಗೊಂದು ಮುಚ್ಚಳ ಅಂಟಿಸಿಕೊಂಡು ನಡೆದೇ ಬಂದರು. ಮರುದಿನ ಮುಚ್ಚಳ ತೆಗೆದಾಗ ಮಂಜು ಮಂಜು. ಕೆಲವು ದಿನ ಹಾಗಿರುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ನೀರೂ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ ಎಂದರು ಡಾಕ್ಟರಮ್ಮ. ಗಾಬರಿಯಾಗಬೇಕಾದದ್ದು ನೋವು ಜಾಸ್ತಿಯಾದರೆ, ಕೆಂಪು ಏರಿದರೆ, ಕಾಣುತ್ತಿದ್ದದ್ದು ಇದ್ದಕ್ಕಿದ್ದಂತೆ ಮಸುಕಾದರೆ. ಆಗ ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಓಡಬೇಕು. ನಮಗೆ ಅಂಥದ್ದೇನೂ ಆಗಲಿಲ್ಲ. ಕಷ್ಟವಾದದ್ದು ಅಪ್ಪನನ್ನು ಸುಮ್ಮನೆ ಕೂರಿಸುವುದು. ಕಣ್ಣು ಉಜ್ಜಬಾರದು, ನೀರು ತಾಕಿಸಬಾರದು, ಬಗ್ಗಿ ಭಾರ ಎತ್ತಬಾರದು. ಇಪ್ಪತ್ತು ಲೀಟರಿನ ಡಬ್ಬಿಗಳ ನಡುವೆ ಬದುಕಿದ ಮನುಷ್ಯನಿಗೆ ಇದನ್ನು ಹೇಳಿ ನೋಡು! ಅಮ್ಮ ಹನಿ ಹಾಕುವ ಬಾಟಲಿ ಹಿಡಿದು ಪೊಲೀಸಿನವಳ ಹಾಗೆ ಹಿಂದೆ ಹಿಂದೆ ಓಡಾಡಿದಳು.

ಮಂಜು ಕಳೆದ ಬೆಳಿಗ್ಗೆ ಅವರು ಮೊದಲು ನೋಡಿದ್ದು ಅಮ್ಮನನ್ನು. “ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?” ಎಂದರು. “ನೀವು ನೋಡೋದು ಬಿಟ್ಟಾಗ” ಎಂದಳು ಅಮ್ಮ, ಒಲೆಯ ಕಡೆ ತಿರುಗಿಕೊಂಡೇ. ಆಮೇಲೆ ಅಂಗಡಿಗೆ ಇಳಿದು ಬಿಳಿ ಪ್ರೈಮರ್ ಡಬ್ಬಿಯ ಮುಚ್ಚಳ ತೆಗೆಸಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. “ಇದಕ್ಕೆ ಬಿಳಿ. ಇದಕ್ಕೆ ಚಹಾ ಚೆಲ್ಲಿದ ಬಿಳಿ” ಎಂದರು. ಬಹಳ ಹೊತ್ತು ಹಾಗೇ ಆ ಕಣ್ಣು ಈ ಕಣ್ಣು ಎಂದು ಬದಲಿಸುತ್ತಾ ನಿಂತಿದ್ದರು.

ಮರುವಾರ “ಹಲ್ಲು ನೋಯ್ತಿದೆ” ಎಂದರು. ನಾನು ನಂಬಿ ಕರೆದುಕೊಂಡು ಹೋದೆ ನೋಡು! ಕಾಯುವ ಕೋಣೆಯಲ್ಲಿ ಕೂರಲಿಲ್ಲ, ನೇರ ಗೋಡೆಯ ಮುಂದೆ ನಿಂತರು. ಎಡಗಣ್ಣು ಮುಚ್ಚಿದರು. ಬಲಗಣ್ಣು ಮುಚ್ಚಿದರು. ಹೊರಗೆ ಬಂದ ಡಾಕ್ಟರು ಗಾಬರಿಯಾಗಿ “ಕಣ್ಣು ಮುಚ್ಚೋವಷ್ಟು ನೋವಿದೆಯಾ ಯಜಮಾನ್ರೇ?” ಎಂದರು. ಅಪ್ಪ “ಇತ್ತು. ಈಗ ಗೊತ್ತಾಯ್ತು ಎಲ್ಲಿ ಅಂತ” ಎಂದು ಹೇಳಿ ಹೊರಟೇಬಿಟ್ಟರು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡರು. “ಹೊಸ ಕಣ್ಣಿಗೆ ಆ ತುಂಡು ಬಾಗಿಲಿನ ಹಾಗೆ ಎದ್ದು ಕಾಣುತ್ತೆ. ಅವನು ಹೇಳಿದ್ದು ಸರಿ ಇತ್ತು. ಆದ್ರೆ ಹಳೇ ಕಣ್ಣಿಗೆ ಅದು ಈಗಲೂ ಒಂದೇ ಗೋಡೆ ಕಣಮ್ಮಾ. ನಾನು ಹಟಕ್ಕೆ ಹೇಳಿದ್ದಲ್ಲ.”

ಆ ಎಡಗಣ್ಣನ್ನೇ ಅವರು ಮುಟ್ಟಲು ಬಿಡುತ್ತಿಲ್ಲ. ತಾನು ಸುಳ್ಳಾಡಲಿಲ್ಲ ಎನ್ನುವುದಕ್ಕೆ ಅದೊಂದೇ ಸಾಕ್ಷಿಯಂತೆ. “ಅವನು ಒಂದ್ಸಲ ಬಂದು ಆ ಗೋಡೆ ಮುಂದೆ ನನ್ನ ಪಕ್ಕದಲ್ಲಿ ನಿಲ್ಲಲಿ. ಆಮೇಲೆ ಡಾಕ್ಟರಮ್ಮ ಇದರ ಪೊರೇನೂ ತೆಗೀಲಿ” ಎನ್ನುತ್ತಾರೆ. ಅವರ ಕಣ್ಣಿಗೆ ಕಾಣುವುದು ನಿನ್ನ ಕಣ್ಣಿಗೆ ಕಾಣುವುದಿಲ್ಲ ಎಂದು ನಾನು ಹೇಳಿದರೆ, ಗೊತ್ತು ಎನ್ನುತ್ತಾರೆ. ಡಾಕ್ಟರಮ್ಮನಿಗೆ ಇದು ಹಿಡಿಸಿಲ್ಲ. ಪೊರೆ ಬಲಿತು ಗಟ್ಟಿಯಾದಷ್ಟೂ ಆಪರೇಷನ್ ಕಷ್ಟ ಎನ್ನುತ್ತಾರೆ. ಎರಡು ಕಣ್ಣು ಎರಡು ರೀತಿ ಕಂಡರೆ ಅಂದಾಜು ತಪ್ಪುತ್ತದೆ ಎಂದೂ ಎಚ್ಚರಿಸಿದ್ದರು. ಮೊನ್ನೆ ಅಪ್ಪ ಕೊನೆಯ ಮೆಟ್ಟಿಲು ಇಳಿದಾಯಿತೆಂದುಕೊಂಡು ಕಾಲಿಟ್ಟು ಮುಗ್ಗರಿಸಿದರು. ಮಂಡಿ ತರಚಿತಷ್ಟೇ. ಈ ಸಲ.

ನೀನು ಗೆದ್ದೆ ಎಂದು ಹೇಳಲು ಬರೆಯುತ್ತಿಲ್ಲ, ಅಪ್ಪನ ಪರವಾಗಿ ವಾದಿಸಲೂ ಅಲ್ಲ. ನಿನ್ನೆ ಕನ್ನಡಿಯ ಮುಂದೆ ನಿಂತು ನಾನೂ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಂಡೆ. ಎರಡರಲ್ಲೂ ಒಂದೇ ಥರ ಕಂಡಿತು. ಅದರಿಂದ ಸಮಾಧಾನವಾಗಲಿಲ್ಲ. ನನ್ನ ಕಣ್ಣು ಸರಿಯಿದೆಯೋ ಇಲ್ಲವೋ ಎಂದು ನಾನು ನೋಡುವುದಾದರೂ ಯಾವ ಕಣ್ಣಿನಿಂದ? ಬೇರೆಯವರು ಹೇಳಬೇಕು, ನೀನು ಹೇಳಿದ ಹಾಗೆ. ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕಣ್ಣು ಕಾಣದವನಿಗೆ ಕಣ್ಣು ಕಾಣುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಅವನು ಹೇಗೆ ನಂಬಬೇಕು ಎನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಿನ್ನಲ್ಲಿದ್ದರೆ ಬಂದು ಹೇಳು.

ಊಟ ನಿದ್ದೆ ಹೊತ್ತಿಗೆ ಸರಿಯಾಗಿರಲಿ. ನಿನ್ನ ಭಾವ ಕೇಳಿದ್ದಾರೆ, ಅಮ್ಮ ತಲೆ ಸವರಿದ್ದಾಳೆಂದುಕೋ. ನಿನಗೆ ಒಳ್ಳೆಯದಾಗಲಿ ಎಂದು ಬಾಯಿಬಿಟ್ಟು ಹೇಳದವರೊಬ್ಬರು ಕೆಳಗೆ ಅಂಗಡಿಯಲ್ಲಿದ್ದಾರೆ, ಅವರದ್ದನ್ನೂ ಸೇರಿಸಿಕೋ.

ನಿನ್ನ
ಅಕ್ಕ

ಮ.ವಿ.: ಕಾಗದ ಮಡಚುತ್ತಿದ್ದಾಗ ಅಪ್ಪ ಮೇಲೆ ಬಂದು “ಯಾರಿಗೆ?” ಎಂದರು. ಹೇಳಿದೆ. ಬೈಯಲಿಲ್ಲ. “ಗೋಡೆ ವಿಷಯ ಬರೆದ್ಯಾ?” ಎಂದರು. ಹೂಂ ಎಂದೆ. “ಅಂಟಿಸಬೇಡ. ಕೆಳಗೆ ಜಾಗ ಬಿಡು. ಆ ಮಾತು ನಾನು ಹೇಳ್ಬೇಕು, ನೀನಲ್ಲ” ಎಂದರು. ಹತ್ತಿರದ ಅಕ್ಷರ ಅವರಿಗಿನ್ನೂ ಕಾಣದು, ಹೊಸ ಕಣ್ಣಿನ ನಂಬರಿನ ಕನ್ನಡಕ ಸಿಗುವುದು ಸೋಮವಾರ. ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ಎಡಗಣ್ಣಿಗೆ ಆಸ್ಪತ್ರೆಯವರು ಡಿಸೆಂಬರ್ 3 ಕೊಟ್ಟಿದ್ದಾರೆ, ಅದಕ್ಕೆ ಮುಂಚೆ ಒಂದು ದಿನ ಬಾ. ಅವರು ಬರೆದರೂ ಸರಿ, ಜಾಗ ಖಾಲಿಯೇ ಉಳಿದರೂ ಸರಿ, ಇದನ್ನು ಅಂಚೆಗೆ ಹಾಕುವುದು ಮಂಗಳವಾರ, ನವೆಂಬರ್ 19.