ಹಸುವಿನ ಪಕ್ಕದ ಕಾವಲುಗಾರ

ಅಮ್ಮಾ,

ನಿನ್ನ ಫೋನ್ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಂದಗುಡಿಯಲ್ಲಿ ಜಮೀನು ಬಿಡುವುದಿಲ್ಲವೆಂದು ಧರಣಿ ಕೂತವರೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎದ್ದುಹೋದರು, ಅಪ್ಪ ಒಬ್ಬರೇ ಪಕ್ಕದಲ್ಲಿ ಹಸು ಕಟ್ಟಿಕೊಂಡು ಅಲ್ಲೇ ಕೂತಿದ್ದಾರೆ ಎಂದು ನೀನು ಹೇಳಿದೆ. "ಹಸು ಮಾರಿಬಿಟ್ರೆ ಮನೆಗೆ ಬರ್ತಾರೆ ಕಣೇ" ಎಂದೆ. ನಾನೂ ಹೂಂ ಅಂದುಬಿಟ್ಟೆ.

ಆಫೀಸಿನಲ್ಲಿ ನಾನು ಮಾಡುತ್ತಿರುವ ಕಂಪ್ಯೂಟರ್ ಗೇಮ್‌ನಲ್ಲಿ ಜೊತೆಗಾರರೆಲ್ಲ ಹೋದರೆ ಕಾವಲುಗಾರ ಓಡಬೇಕು, ಇಲ್ಲವೇ ಶರಣಾಗಬೇಕು. ಇವತ್ತು ಒಬ್ಬ ಕದಲಲೇ ಇಲ್ಲ. ನೋಡಿದರೆ, ಅಂದಕ್ಕೆಂದು ನಾನು ಪಕ್ಕದಲ್ಲಿ ನಿಲ್ಲಿಸಿದ್ದ ಹಸುವನ್ನೂ ಜೊತೆಗಾರನೆಂದೇ ಎಣಿಸುತ್ತಿದ್ದ. "ಹಸು ತೆಗೀರಿ, ಸರಿಹೋಗುತ್ತೆ" ಎಂದರು ಮ್ಯಾನೇಜರ್.

ತೆಗೆದೆ. ತಕ್ಷಣ ಕತ್ತಿ ಕೆಳಗಿಟ್ಟು ಮಂಡಿಯೂರಿದ.

ಹಸು ಮಾರಬೇಡಮ್ಮ. ಅಪ್ಪನ ಬಿಪಿ ಮಾತ್ರೆ, ಹಸುವಿಗೆ ಹುಲ್ಲು, ಎರಡನ್ನೂ ಅಲ್ಲಿಗೇ ಕಳಿಸು.

ನಿನ್ನ
ಬಿಂದು